ಮನೆ ಕಾರಿನ ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ಕೈಕೊಡುವ ಮುಂಚೆ ಸಾಮಾನ್ಯವಾಗಿ ಏನಾದರೂ ಸುಳಿವು ಕೊಡುತ್ತದೆ. ನೆಲದ ಮೇಲೊಂದು ಹನಿ, ಬ್ರೇಕ್ ಒತ್ತಿದಾಗ ಕಿರ್ ಅನ್ನುವ ಸದ್ದು, ಬೆಳಿಗ್ಗೆ ಸ್ಟಾರ್ಟ್ ಆಗಲು ಅರೆಗಳಿಗೆಯ ತಡ. ಅದು ಸುಳಿವು ಅಂತ ಗೊತ್ತಾಗಬೇಕಾದರೆ, ಎಲ್ಲ ಸರಿ ಇದ್ದಾಗ ನಿಮ್ಮ ಕಾರು ಹೇಗಿರುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು. ವರ್ಷಕ್ಕೊಮ್ಮೆ ಕಾರು ನೋಡುವ ಮೆಕ್ಯಾನಿಕ್‌ಗೆ ಅದು ಗೊತ್ತಿರುವುದಿಲ್ಲ. ಈ ಉತ್ತರಗಳೆಲ್ಲ ಹೆಚ್ಚುಕಡಿಮೆ ಅದರ ಸುತ್ತಲೇ ಇವೆ.

ಸರ್ವಿಸ್‌ಗೆ ತಪ್ಪದೆ ಬಿಡ್ತೀನಲ್ಲ, ಮತ್ತೆ ನಾನ್ಯಾಕೆ ನೋಡಬೇಕು?

ಹೆಚ್ಚಿನ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಸರ್ವಿಸ್ ಬರುವುದು 10,000 ಕಿಲೋಮೀಟರಿಗೋ ವರ್ಷಕ್ಕೋ ಒಮ್ಮೆ. ಟೈರಿನ ಗಾಳಿ ಅಷ್ಟು ದಿನ ಕಾಯುವುದಿಲ್ಲ. ಸೋರುವ ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ಅದೂ ಕಾಯುವುದಿಲ್ಲ.

ನನ್ನದೇ ಒಂದು ಉದಾಹರಣೆ ಹೇಳ್ತೀನಿ. ಹಳೇ ಕಾರಿನ ಕೂಲೆಂಟ್ ಡಬ್ಬದ ಮೇಲೆ ಒಮ್ಮೆ ಸುಮ್ನೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿದ್ದೆ. ಎರಡು ವಾರಕ್ಕೆ ಕೂಲೆಂಟ್ ಆ ಗೆರೆಯಿಂದ ಅರ್ಧ ಬೆರಳು ಇಳಿದಿತ್ತು. ಇನ್ನೊಂದು ಗೆರೆ ಎಳೆದೆ. ಮತ್ತೆ ಎರಡು ವಾರಕ್ಕೆ ಇನ್ನರ್ಧ ಬೆರಳು. ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಗೆರೆಗಳನ್ನು ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಟಾರ್ಚ್ ಹಿಡಿದು ಹುಡುಕಿದಾಗ ವಾಟರ್ ಪಂಪಿನ ಕೆಳಗೆ ಒಣಗಿ ಅಂಟಿದ್ದ ಹಸಿರು ಕಲೆ ಸಿಕ್ಕಿತು. ಸೋರಿದ್ದು ನೆಲ ಮುಟ್ಟುವ ಮುಂಚೆಯೇ ಇಂಜಿನ್ ಬಿಸಿಗೆ ಆರಿಹೋಗುತ್ತಿತ್ತು. ಪಂಪ್ ಬದಲಾಯಿಸಿದ್ದಕ್ಕೆ ಮುಗಿಯಿತು. ಗೆರೆ ಇಲ್ಲದಿದ್ದರೆ ಯಾವುದೋ ಘಾಟಿಯಲ್ಲಿ ಬಾನೆಟ್‌ನಿಂದ ಹೊಗೆ ಎದ್ದಾಗಲೇ ತಿಳಿಯುತ್ತಿತ್ತೇನೋ.

ಹಾಗಾದರೆ ಯಾವಾಗ ಏನು ನೋಡಬೇಕು?

ವಾರಕ್ಕೊಮ್ಮೆ ಕಾರಿನ ಸುತ್ತ ಒಂದು ಸುತ್ತು ಬನ್ನಿ. ಟೈರ್‌ಗಳು ಒಂದೇ ಸಮ ನಿಂತಿವೆಯಾ, ಕೆಳಗೆ ಏನಾದರೂ ತೊಟ್ಟಿಕ್ಕಿದೆಯಾ, ಗಾಜಿನಲ್ಲಿ ಹೊಸ ಬಿರುಕಿದೆಯಾ ಅಂತ ನೋಡುವುದಕ್ಕೆ ಎರಡು ನಿಮಿಷ ಸಾಕು. ಎರಡು ವಾರಕ್ಕೊಮ್ಮೆ ಗಾಳಿ ಮತ್ತು ಆಯಿಲ್. ತಿಂಗಳಿಗೊಮ್ಮೆ ಕೂಲೆಂಟ್, ಬ್ರೇಕ್ ಆಯಿಲ್, ವಾಷರ್ ನೀರು, ಎಲ್ಲ ಲೈಟ್, ಬ್ಯಾಟರಿ ಟರ್ಮಿನಲ್, ಸ್ಟೆಪ್ನಿ. ದೂರದ ಪ್ರಯಾಣದ ಹಿಂದಿನ ದಿನ ಇವನ್ನೆಲ್ಲ ಇನ್ನೊಮ್ಮೆ. ಹೊರಡುವ ಬೆಳಿಗ್ಗೆ ಬೇಡ. ತೊಂದರೆ ಕಂಡರೂ ಆಗ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆಯಿಲ್ ಎಷ್ಟಿದೆ ಅಂತ ಸರಿಯಾಗಿ ನೋಡುವುದು ಹೇಗೆ?

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿರುವ ಆಯಿಲ್ ಕೆಳಗಿನ ತಟ್ಟೆಗೆ ಇಳಿಯಲಿ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ ಮತ್ತೆ ಎಳೆಯಿರಿ. ಎರಡನೇ ಸಲ ಕಂಡದ್ದೇ ಲೆಕ್ಕ. ಮೊದಲ ಸಲ ಕಡ್ಡಿಯ ತುಂಬ ಆಯಿಲ್ ಸವರಿಕೊಂಡಿರುತ್ತದೆ, ಅದನ್ನು ನಂಬಬೇಡಿ.

ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಬಹಳಷ್ಟು ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಸುಮಾರು 1 ಲೀಟರ್ ಹಿಡಿಯುತ್ತದೆ. ಹಾಗಾಗಿ ಅರ್ಧಕ್ಕೆ ಇಳಿದಿದ್ದರೆ ಇಡೀ ಡಬ್ಬ ಸುರಿಯಬೇಡಿ. ಸ್ವಲ್ಪ ಹಾಕಿ, ಕಾಯಿರಿ, ಮತ್ತೆ ನೋಡಿ. ಜಾಸ್ತಿ ಆದರೂ ಕಷ್ಟವೇ. ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆ ಸರಿಯಾಗಿ ಜಾರಿಕೆ ಕೊಡುವುದಿಲ್ಲ.

ಕೆಲವು ಕಾರುಗಳಿಗೆ ಇಂಜಿನ್ ಬೆಚ್ಚಗಿರುವಾಗ ನೋಡಿ ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇಲ್ಲ, ಸ್ಕ್ರೀನಿನಲ್ಲಿ ನೋಡಬೇಕು. ಪುಸ್ತಕ ಅಂದೆ ನೋಡಿ, ಗ್ಲೋವ್‌ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿದೆಯಲ್ಲ, ಅದೇ.

ಆಯಿಲ್ ಕಪ್ಪಾಗಿದೆ. ಕೆಟ್ಟಿದೆಯಾ?

ಬಣ್ಣ ನೋಡಿ ಹೇಳಲಾಗದು. ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ. ಕಿಲೋಮೀಟರ್ ಮತ್ತು ತಿಂಗಳ ಲೆಕ್ಕ ನೋಡಿ, ಯಾವುದು ಮೊದಲು ಬರುತ್ತದೋ ಆಗ ಬದಲಾಯಿಸಿ. ಕಾರು ಓಡಿದ್ದು ಕಡಿಮೆ ಅಂತ ಎರಡು ವರ್ಷ ತಳ್ಳಬೇಡಿ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ತೇವ ಮತ್ತು ಪೆಟ್ರೋಲ್ ಆಯಿಲ್‌ಗೆ ಸೇರಿ ಅಲ್ಲೇ ಉಳಿಯುತ್ತವೆ. ಆಯಿಲ್ ಬೇಗ ಹಾಳಾಗುವುದು ಅಂಥ ಕಾರಿನಲ್ಲೇ.

ಹೆದರಬೇಕಾದ ಬಣ್ಣ ಬೇರೆ. ಹಾಲು ಬೆರೆತ ಕಾಫಿಯಂತೆ ಕಂಡರೆ ಕೂಲೆಂಟ್ ಆಯಿಲ್‌ಗೆ ಸೇರುತ್ತಿರಬಹುದು, ಇವೆರಡೂ ಬೆರೆಯದಂತೆ ಇಂಜಿನ್ ಒಳಗೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಇದೆ. ಕಾರು ಓಡಿಸದೆ ತೋರಿಸಿ. ಚಳಿಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ತೆಳ್ಳಗೆ ಇಂಥ ಕೆನೆ ಕಂಡು, ಡಿಪ್‌ಸ್ಟಿಕ್ ಚೆನ್ನಾಗಿದ್ದರೆ, ಬಹುಪಾಲು ಅದು ಬರೀ ತೇವ.

ಡಬ್ಬದ ಮೇಲೆ 5ಡಬ್ಲ್ಯು-30 ಅಂತ ಇರುತ್ತದಲ್ಲ, ಏನದು?

‘ಡಬ್ಲ್ಯು’ ಅಂದರೆ ವಿಂಟರ್, ಚಳಿಗಾಲ. ಅದಕ್ಕಿಂತ ಮೊದಲು ಬರುವ ಅಂಕಿ, ಇಲ್ಲಿ 5, ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಹೇಳುತ್ತದೆ, ಕಡಿಮೆ ಇದ್ದಷ್ಟೂ ಚಳಿಗೆ ಒಳ್ಳೆಯದು. ಆಮೇಲೆ ಬರುವ ಅಂಕಿ, ಇಲ್ಲಿ 30, ಇಂಜಿನ್ ಬಿಸಿಯಲ್ಲಿ ಎಷ್ಟು ಗಟ್ಟಿ ಇರುತ್ತದೆ ಅಂತ. ಗಟ್ಟಿ ಆಯಿಲ್ ಹಾಕಿದರೆ ಇಂಜಿನ್‌ಗೆ ಒಳ್ಳೆಯದು ಅನ್ನುವ ಮಾತು ಹಳೇ ಕಾಲದ್ದು. ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ.

ಕೂಲೆಂಟ್ ಕಡಿಮೆಯಾಗಿದೆ, ನಲ್ಲಿ ನೀರು ಹಾಕಬಹುದಾ?

ದಾರಿಯಲ್ಲಿ ಸಿಕ್ಕಿಬಿದ್ದಿದ್ದೀರಿ, ಬೇರೆ ಗತಿ ಇಲ್ಲ ಅಂದರೆ ಹಾಕಿ, ಆಮೇಲೆ ಬೇಗ ಸರಿ ಮಾಡಿಸಿ. ಅಭ್ಯಾಸ ಮಾಡಿಕೊಳ್ಳಬೇಡಿ. ನಲ್ಲಿ ನೀರಿನ ಸುಣ್ಣದಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರ ಕಟ್ಟುತ್ತದೆ, ಒಳಗಿನ ಲೋಹಕ್ಕೆ ತುಕ್ಕೂ ಹಿಡಿಯುತ್ತದೆ. ಕೂಲೆಂಟ್ ಇರುವುದು ಚಳಿ ದೇಶಕ್ಕೆ ಮಾತ್ರ ಅಂದುಕೊಂಡವರಿದ್ದಾರೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿದ ಮಿಶ್ರಣ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ ಅನ್ನುವುದು ನಿಜ. ಆದರೆ ಅದು ಬರೀ ನೀರಿಗಿಂತ ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ, ತುಕ್ಕನ್ನೂ ತಡೆಯುತ್ತದೆ. ಸೆಖೆಯ ಊರಿನವರಿಗೂ ಬೇಕಾದ್ದು ಇದೇ.

ಬಣ್ಣ ಒಂದೇ ಇದೆ ಅಂತ ಯಾವುದೋ ಕೂಲೆಂಟ್ ಸೇರಿಸಬೇಡಿ. ಬಣ್ಣ ಕಂಪನಿಗಳ ಇಷ್ಟ, ಒಳಗಿನ ರಸಾಯನ ಬೇರೆ ಇರಬಹುದು. ಇನ್ನೊಂದು ಮಾತು. ಹೆಚ್ಚಿನ ಕೂಲೆಂಟ್‌ಗಳಲ್ಲಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನೆಲಕ್ಕೆ ಚೆಲ್ಲಿದರೆ ತಕ್ಷಣ ತೊಳೆಯಿರಿ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಡಬ್ಬವನ್ನು ಕೈಗೆಟುಕದಂತೆ ಇಡಿ.

ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಏನಾಗುತ್ತದೆ?

ಪ್ರೆಷರ್ ಇಳಿಯುವ ಮುಂಚೆ ಕುಕ್ಕರ್ ಮುಚ್ಚಳ ತೆಗೆಯುತ್ತೀರಾ? ಇದೂ ಅಷ್ಟೇ. ಒಳಗೆ 100 ಡಿಗ್ರಿ ಆಸುಪಾಸಿನ ದ್ರವ ಒತ್ತಡದಲ್ಲಿರುತ್ತದೆ, ಮುಖಕ್ಕೇ ಚಿಮ್ಮುತ್ತದೆ. ಬೆಳಿಗ್ಗೆ ಕಾರು ತಣ್ಣಗಿರುವಾಗ ನೋಡಿ. ಅದೂ ಮುಚ್ಚಳ ತೆಗೆಯದೆ, ಡಬ್ಬದ ಹೊರಗಿನಿಂದಲೇ.

ಟೈರ್ ಮೇಲೆ ಬರೆದಿರುವಷ್ಟು ಗಾಳಿ ಹೊಡೆಸಿದರೆ ಸರಿ ಅಲ್ವಾ?

ಅಲ್ಲ, ಅದು ಆ ಟೈರ್ ತಡೆಯುವ ಗರಿಷ್ಠ. ನಿಮ್ಮ ಕಾರಿಗೆ ಎಷ್ಟು ಬೇಕು ಅನ್ನುವುದು ಚಾಲಕನ ಬಾಗಿಲು ತೆರೆದರೆ ಪಕ್ಕದಲ್ಲಿ ಕಾಣುವ ಸ್ಟಿಕರ್‌ನಲ್ಲಿದೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಮನೆಮಂದಿಯೆಲ್ಲ ಸಾಮಾನು ತುಂಬಿಕೊಂಡು ಹೊರಟರೆ ಬೇರೆ ಅಂಕಿ, ಅದೂ ಅಲ್ಲೇ ಇರುತ್ತದೆ.

ಗಾಳಿ ನೋಡಬೇಕಾದ್ದು ಟೈರ್ ತಣ್ಣಗಿರುವಾಗ. ಅಂದರೆ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರ್ ಮಾತ್ರ ನಿಧಾನಕ್ಕೆ ಓಡಿರಬೇಕು. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಜಾಸ್ತಿ ಇದೆ ಅಂತ ಆಗ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಹವಾಮಾನದ್ದೂ ಲೆಕ್ಕವಿದೆ. ಹೊರಗೆ 10 ಡಿಗ್ರಿ ತಂಪಾದರೆ ಹತ್ತಿರಹತ್ತಿರ 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಚಳಿ ಶುರುವಾದ ವಾರದಲ್ಲಿ ಟೈರ್ ದೀಪ ಹೊತ್ತಿಕೊಳ್ಳುವುದು ಇದಕ್ಕೇ. ಒಂದೇ ಟೈರಿನಲ್ಲಿ ಮಾತ್ರ ಪ್ರತಿಸಲ ಇಳಿಯುತ್ತಿದ್ದರೆ ಅದು ಹವಾಮಾನ ಅಲ್ಲ, ಎಲ್ಲೋ ಮೊಳೆ ಕೂತಿದೆ ಅಥವಾ ವಾಲ್ವ್ ಸೋರುತ್ತಿದೆ.

ಗೇಜ್ ಒಂದು ಸ್ವಂತದ್ದು ಇರಲಿ. ಗಾಳಿ ಹೊಡೆಸುವ ಕಡೆಯ ಮೀಟರ್‌ಗಳು ಒಂದೊಂದು ಒಂದೊಂದು ಲೆಕ್ಕ ತೋರಿಸುತ್ತವೆ. ನಿಮ್ಮದು 1 ಪಿಎಸ್‌ಐ ತಪ್ಪು ತೋರಿಸಿದರೂ ಪ್ರತಿಸಲ ಅದೇ ತಪ್ಪು ತೋರಿಸುತ್ತದೆ, ಅದರಿಂದ ಏರುಪೇರು ಗೊತ್ತಾಗುತ್ತದೆ.

ಟೈರ್ ಬದಲಾಯಿಸುವ ಕಾಲ ಬಂತು ಅಂತ ತಿಳಿಯುವುದು ಹೇಗೆ?

ಟೈರಿನ ಸಾಲುಗಳ ಒಳಗೆ ಅಲ್ಲಲ್ಲಿ ಅಡ್ಡ ಸಣ್ಣ ದಿಬ್ಬ ಇರುತ್ತದೆ, ಬೆರಳಿಗೆ ಸಿಗುತ್ತದೆ. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರ್ ಉಳಿದಿದೆ ಅಂತ ಅರ್ಥ. ಅನೇಕ ದೇಶಗಳಲ್ಲಿ ಕಾನೂನು ಒಪ್ಪುವ ಕಡೆಯ ಮಟ್ಟ ಅದು. ನಾನು ಅಲ್ಲಿವರೆಗೆ ಕಾಯುವುದಿಲ್ಲ. ನೀರು ನಿಂತ ರಸ್ತೆಯಲ್ಲಿ 3 ಮಿಲಿಮೀಟರ್‌ಗಿಂತ ಕೆಳಗಿನ ಟೈರ್ ಹಿಡಿತ ಬಿಡುವುದು ಸ್ಟಿಯರಿಂಗ್‌ನಲ್ಲೇ ಗೊತ್ತಾಗುತ್ತದೆ.

ಸವೆದ ರೀತಿಯನ್ನೂ ನೋಡಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುಭಾಗ ಸವೆದಿದ್ದರೆ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ, ಹೊಸ ಟೈರ್ ಹಾಕುವ ಮುಂಚೆ ಅದನ್ನು ಸರಿ ಮಾಡಿಸಿ, ಇಲ್ಲದಿದ್ದರೆ ಹೊಸದೂ ಹಾಗೇ ಹೋಗುತ್ತದೆ. 80, 100ರ ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ ಸಮಸ್ಯೆ.

ವಯಸ್ಸು ತಿಳಿಯಲು ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಓಡದಿದ್ದರೂ ರಬ್ಬರ್ ಗಟ್ಟಿಯಾಗುತ್ತದೆ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಐದಾರು ವರ್ಷ ದಾಟಿದ್ದನ್ನು ಪ್ರತಿ ವರ್ಷ ತಿಳಿದವರಿಗೆ ತೋರಿಸಿ. ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ವಯಸ್ಸು ನೋಡುವುದು ಬೇಡ, ಆ ದಿನವೇ ತೆಗೆಸಿ.

ಸ್ಟೆಪ್ನಿ ಯಾವತ್ತೂ ಬಳಸಿಲ್ಲ, ಅದನ್ನೂ ನೋಡಬೇಕಾ?

ಬಳಸಿಲ್ಲ ಅಂತಲೇ ನೋಡಬೇಕು. ಡಿಕ್ಕಿಯಲ್ಲಿ ಮಲಗಿದ್ದರೂ ಗಾಳಿ ಇಳಿಯುತ್ತದೆ. ರಾತ್ರಿ ರಸ್ತೆ ಬದಿಯಲ್ಲಿ ಎಲ್ಲ ಸಾಮಾನು ಕೆಳಗಿಳಿಸಿ, ಸ್ಟೆಪ್ನಿ ಹೊರತೆಗೆದು, ಹೆಬ್ಬೆರಳಲ್ಲಿ ಒತ್ತಿದಾಗ ಒಳಕ್ಕೆ ಹೋದರೆ ಹೇಗನ್ನಿಸುತ್ತದೆ ಅಂತ ನನ್ನನ್ನು ಕೇಳಿ. ಸಣ್ಣ ಸೈಜಿನ ತಾತ್ಕಾಲಿಕ ಸ್ಟೆಪ್ನಿ ಆಗಿದ್ದರೆ ಗಾಳಿ ಇನ್ನೂ ಜಾಸ್ತಿ ಬೇಕು, ಹೆಚ್ಚಿನವಕ್ಕೆ 60 ಪಿಎಸ್‌ಐ. ಅದರ ಮೇಲೆ 80 ಕಿಲೋಮೀಟರ್ ವೇಗ ದಾಟಬಾರದು. ಜಾಕಿ, ಸ್ಪ್ಯಾನರ್ ಇವೆಯಾ, ನಟ್‌ಗಳು ನಿಮ್ಮ ಕೈಯಲ್ಲಿ ಸಡಿಲವಾಗುತ್ತವಾ ಅಂತ ಮನೆಯಲ್ಲೇ ಒಮ್ಮೆ ಪ್ರಯತ್ನಿಸಿ. ನಟ್ ಸಡಿಲಿಸುವುದು ಜಾಕಿ ಏರಿಸುವ ಮುಂಚೆ, ಚಕ್ರ ನೆಲದ ಮೇಲಿರುವಾಗ.

ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಬ್ರೇಕ್ ಆಯಿಲ್ ಯಾಕೆ ಬದಲಾಯಿಸಬೇಕು?

ಬ್ರೇಕ್ ಆಯಿಲ್ ಅಂತ ಕರೆಯುತ್ತೇವೆ, ಅದು ಎಣ್ಣೆಯಲ್ಲ. ಸಾಮಾನ್ಯ ಕಾರುಗಳಲ್ಲಿರುವ ಡಾಟ್ 3, ಡಾಟ್ 4 ದ್ರವಗಳು ಗಾಳಿಯಿಂದ ತೇವ ಹೀರಿಕೊಳ್ಳುತ್ತವೆ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಊರೊಳಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಉದ್ದ ಘಾಟಿ ಇಳಿಯುವಾಗ ಬ್ರೇಕ್ ಕಾದು ದ್ರವ ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಬ್ರೇಕ್ ಹಿಡಿಯುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೇ. ಪೆಡಲ್ ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು ಇದಕ್ಕೆ.

ಡಬ್ಬದಲ್ಲಿ ಮಟ್ಟ ಮೆಲ್ಲಗೆ ಇಳಿಯುತ್ತಿದ್ದರೆ ಹೆಚ್ಚಾಗಿ ಪ್ಯಾಡ್ ಸವೆಯುತ್ತಿದೆ ಅಂತ. ಸುಮ್ನೆ ಮೇಲಕ್ಕೆ ತುಂಬಿಸುವ ಮುಂಚೆ ಪ್ಯಾಡ್ ನೋಡಿಸಿ. ಹೊಸ ಪ್ಯಾಡ್ ಸುಮಾರು 10 ಮಿಲಿಮೀಟರ್ ದಪ್ಪ, 3ಕ್ಕೆ ಬಂದರೆ ಬದಲಾಯಿಸಿ. ಒಮ್ಮೆಲೇ ಮಟ್ಟ ಇಳಿದರೆ ಸೋರಿಕೆ, ಕಾರು ತೆಗೆಯಬೇಡಿ. ಈ ದ್ರವ ಪೇಂಟ್ ಮೇಲೆ ಬಿದ್ದರೆ ಪೇಂಟ್ ಕಿತ್ತುಬರುತ್ತದೆ, ತಕ್ಷಣ ನೀರು ಹಾಕಿ.

ತೆಳ್ಳಗಿನ ಕೀರಲು ಸದ್ದು ಪ್ಯಾಡ್ ಮುಗಿಯುತ್ತಾ ಬಂದ ಎಚ್ಚರಿಕೆ ಇರಬಹುದು. ಕೆಲವು ಪ್ಯಾಡ್‌ಗಳಲ್ಲಿ ಅದಕ್ಕೆಂದೇ ಲೋಹದ ತಗಡು ಇಟ್ಟಿರುತ್ತಾರೆ. ಕರಕರ ಅಂತ ಉಜ್ಜುವ ಸದ್ದಾದರೆ ಪ್ಯಾಡ್ ಮುಗಿದು ಲೋಹಕ್ಕೆ ಲೋಹ ತಾಗುತ್ತಿದೆ. ಮಳೆ ಬಂದ ಮರುದಿನ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಮಾತ್ರ ಬರುವ ಸದ್ದು ಡಿಸ್ಕಿನ ಮೇಲಿನ ತುಕ್ಕಿನದ್ದು, ಚಿಂತೆ ಬೇಡ.

ಬ್ಯಾಟರಿ ಹೋಗುವ ಮುಂಚೆ ತಿಳಿಯುತ್ತದಾ?

ಕೆಲವು ಸಲ. ಸ್ಟಾರ್ಟರ್ ತಿರುಗುವ ಸದ್ದು ಎಳೆದಾಡುತ್ತದೆ. ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷ ಬರುತ್ತದೆ, ಸೆಖೆ ಜಾಸ್ತಿ ಇದ್ದರೆ ಇನ್ನೂ ಬೇಗ ಹೋಗುತ್ತದೆ. ಮಲ್ಟಿಮೀಟರ್ ಇದ್ದರೆ ರಾತ್ರಿಯೆಲ್ಲ ನಿಂತ ಕಾರಿನಲ್ಲಿ ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕಿಂತ ಕೆಳಗಿದ್ದರೆ ಅರ್ಧಕ್ಕಿಂತ ಕಡಿಮೆ. ಇಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.5ರಿಂದ 14.7ರ ಒಳಗಿರಬೇಕು. ಇಲ್ಲದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್‌ದಿರಬಹುದು. ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಇದೊಂದನ್ನು ಖಚಿತ ಮಾಡಿಕೊಳ್ಳಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ಉಜ್ಜಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಹತ್ತಿರ ಬೆಂಕಿ ಕಿಡಿ ಬೇಡ, ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ.

ಫಿಲ್ಟರ್, ವೈಪರ್ ಇವೆಲ್ಲ?

ಎಸಿ ಗಾಳಿ ಕಡಿಮೆಯಾಗಿದ್ದರೆ, ಮುಗ್ಗಲು ವಾಸನೆ ಬಂದರೆ ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್‌ಬಾಕ್ಸಿನ ಹಿಂದಿರುತ್ತದೆ, ಕೈಯಲ್ಲೇ ತೆಗೆಯಬಹುದು. ಇಂಜಿನ್ ಏರ್ ಫಿಲ್ಟರ್ ಧೂಳಿನ ರಸ್ತೆಯಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ವೈಪರ್ ಗಾಜಿನ ಮೇಲೆ ಗೆರೆ ಬಿಟ್ಟರೆ ಒದ್ದೆ ಬಟ್ಟೆಯಲ್ಲಿ ರಬ್ಬರ್ ಒರೆಸಿ ನೋಡಿ, ಆಮೇಲೂ ಬಿಟ್ಟರೆ ಬದಲಾಯಿಸಿ.

ಒಬ್ಬನೇ ಇದ್ದಾಗ ಬ್ರೇಕ್ ಲೈಟ್ ನೋಡುವುದು ಹೇಗೆ?

ಸಂಜೆ ಹೊತ್ತು ಗೋಡೆಗೆ ಹಿಂದುಮುಂದಾಗಿ ನಿಲ್ಲಿಸಿ, ಬ್ರೇಕ್ ಒತ್ತಿ, ಕನ್ನಡಿಯಲ್ಲಿ ನೋಡಿ. ಗೋಡೆಯ ಎರಡೂ ಕಡೆ ಕೆಂಪಾಗಬೇಕು. ಇಂಡಿಕೇಟರ್ ಎಂದಿಗಿಂತ ಬೇಗ ಬೇಗ ಟಿಕ್ ಟಿಕ್ ಅಂದರೆ ಆ ಕಡೆಯ ಬಲ್ಬ್ ಒಂದು ಹೋಗಿರಬಹುದು.

ಡ್ಯಾಶ್‌ಬೋರ್ಡಿನಲ್ಲಿ ದೀಪ ಬಂದಿದೆ. ನಿಲ್ಲಿಸಬೇಕಾ?

ಕೆಂಪು ಅಂದರೆ ನಿಲ್ಲಿಸಿ, ಹಳದಿ ಅಂದರೆ ಬೇಗ ತೋರಿಸಿ. ಕೆಂಪಿನಲ್ಲಿ ಎಣ್ಣೆ ಡಬ್ಬದ ಚಿತ್ರದ್ದು ಎಲ್ಲಕ್ಕಿಂತ ಗಂಭೀರ. ಅದು ಆಯಿಲ್ ಎಷ್ಟಿದೆ ಅಂತಲ್ಲ, ಒತ್ತಡ ಇಲ್ಲ ಅಂತ ಹೇಳುತ್ತಿದೆ. ಮುಂದಿನ ಊರಿನವರೆಗೆ ಹೋಗೋಣ ಅಂದರೆ ಇಂಜಿನ್ ಜಾಮ್ ಆಗಬಹುದು. ತಾಪಮಾನದ ಕೆಂಪು ದೀಪಕ್ಕೂ ಇದೇ ನಿಯಮ. ಹಳದಿಯ ಚೆಕ್ ಇಂಜಿನ್ ದೀಪ ಒಂದೇ ಸಮ ಉರಿಯುತ್ತಿದ್ದರೆ ಮನೆ ತಲುಪಬಹುದು. ಮಿನುಗುತ್ತಿದ್ದರೆ ಪೆಟ್ರೋಲ್ ಇಂಜಿನ್‌ನಲ್ಲಿ ಮಿಸ್‌ಫೈರ್ ಆಗುತ್ತಿದೆ, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುವ ಮುಂಚೆ ನಿಲ್ಲಿಸಿ.

ಕಾರಿನ ಕೆಳಗೆ ತೊಟ್ಟಿಕ್ಕಿದೆ. ಏನಿರಬಹುದು?

ಒಂದು ಬಿಳಿ ರಟ್ಟು ಹಾಸಿ ರಾತ್ರಿ ಬಿಡಿ. ಎಸಿ ಹಾಕಿದ ದಿನ ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಬಿದ್ದರೆ ಅದು ಸಹಜ. ಕಂದು, ಕಪ್ಪು ಜಿಡ್ಡು ಆಯಿಲ್. ಹಸಿರು, ಗುಲಾಬಿ, ಕಿತ್ತಳೆ ಬಣ್ಣದ ಅಂಟು ಕೂಲೆಂಟ್. ಕೆಂಪಾದರೆ ಆಟೋಮ್ಯಾಟಿಕ್ ಗೇರ್ ಅಥವಾ ಪವರ್ ಸ್ಟಿಯರಿಂಗ್ ಆಯಿಲ್ ಇರಬಹುದು. ಚಕ್ರದ ಹತ್ತಿರ ತಿಳಿ ಹಳದಿ ಜಾರುವ ದ್ರವ ಬ್ರೇಕಿನದ್ದಿರಬಹುದು. ರಟ್ಟಿನ ಫೋಟೋ ತೆಗೆದುಕೊಂಡು, ಕಾರಿನ ಯಾವ ಭಾಗದ ಕೆಳಗೆ ಬಿತ್ತು ಅಂತ ಗುರುತು ಹಾಕಿ. ಮೆಕ್ಯಾನಿಕ್‌ನ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಟೈಮಿಂಗ್ ಬೆಲ್ಟ್ ನೋಡಿದರೆ ಚೆನ್ನಾಗಿದೆ, ಬಿಡಬಹುದಾ?

ಬಿಡಬೇಡಿ. ಈ ಪುಟದಲ್ಲಿ ನೋಡಿ ತೀರ್ಮಾನಿಸಬಾರದ ಭಾಗ ಇದೊಂದೇ. ಇಂಜಿನ್‌ನ ಪಿಸ್ಟನ್ ಮತ್ತು ವಾಲ್ವ್‌ಗಳನ್ನು ಒಂದೇ ತಾಳದಲ್ಲಿ ನಡೆಸುವ ಬೆಲ್ಟ್ ಇದು. ಹೊರಗೆ ಚೆನ್ನಾಗಿ ಕಂಡರೂ ಹೇಳದೆ ತುಂಡಾಗುತ್ತದೆ. ಅನೇಕ ಇಂಜಿನ್‌ಗಳಲ್ಲಿ ಆಗ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಪುಸ್ತಕದಲ್ಲಿರುವ ಕಿಲೋಮೀಟರ್ ಅಥವಾ ವರ್ಷಕ್ಕೆ ಬದಲಾಯಿಸಿ. ನಿಮ್ಮದು ಬೆಲ್ಟೋ ಚೈನೋ ಅಂತ ಮೊದಲು ತಿಳಿದುಕೊಳ್ಳಿ, ಚೈನ್‌ಗೆ ಈ ಗಡುವು ಸಾಮಾನ್ಯವಾಗಿ ಇರುವುದಿಲ್ಲ.

ಎಲೆಕ್ಟ್ರಿಕ್ ಕಾರಿಗೆ ಇದ್ಯಾವುದೂ ಬೇಡ ಅಲ್ವಾ?

ಇಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಟೈಮಿಂಗ್ ಬೆಲ್ಟ್ ಬೇಡ. ಟೈರ್, ಬ್ರೇಕ್ ಆಯಿಲ್, ಕೂಲೆಂಟ್, ಕ್ಯಾಬಿನ್ ಫಿಲ್ಟರ್, ವೈಪರ್ ಎಲ್ಲ ಇದ್ದೇ ಇವೆ. ತೂಕ ಜಾಸ್ತಿ ಇರುವುದರಿಂದ ಟೈರ್ ಬೇಗ ಸವೆಯಬಹುದು. ಹೆಚ್ಚಿನವುಗಳಲ್ಲಿ ಸಣ್ಣ 12 ವೋಲ್ಟ್ ಬ್ಯಾಟರಿಯೂ ಇದೆ, ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರವಾಗುವುದಿಲ್ಲ. ಕಿತ್ತಳೆ ಬಣ್ಣದ ದಪ್ಪ ವೈರ್‌ಗಳನ್ನು ಮಾತ್ರ ಮುಟ್ಟಬೇಡಿ.

ಮೆಕ್ಯಾನಿಕ್ ಹತ್ತಿರ ಏನು ಹೇಳಬೇಕು?

ಏನು ಬದಲಾಯಿಸಬೇಕು ಅಂತ ಹೇಳಬೇಡಿ, ಏನು ಕಂಡಿರಿ, ಏನು ಕೇಳಿಸಿತು ಅಂತ ಹೇಳಿ. ‘ಸಸ್ಪೆನ್ಷನ್ ಹೋಗಿದೆ’ ಅನ್ನುವುದಕ್ಕಿಂತ ‘ಎಡಕ್ಕೆ ತಿರುಗಿಸಿದಾಗ, ಹಂಪ್ ಮೇಲೆ ನಿಧಾನಕ್ಕೆ ಹೋದಾಗ ಟಕ್ ಅನ್ನುತ್ತದೆ, ಒಂದು ವಾರದಿಂದ’ ಅಂದರೆ ಅವರಿಗೆ ಕೆಲಸ ಸುಲಭ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಗ್ಯಾರೇಜಿಗೆ ಹೋದಾಗ ಸದ್ದು ಬರುವುದಿಲ್ಲ, ಅದು ಎಲ್ಲ ಕಾರುಗಳ ಹಠ. ಬದಲಾಯಿಸಿದ ಹಳೇ ಭಾಗಗಳನ್ನು ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಕಾರು ವಾಪಸ್ ಬಂದ ಮೇಲೂ ಒಮ್ಮೆ ನೋಡಿ. ಒಂದು ಸಲ ಸರ್ವಿಸ್ ಮುಗಿಸಿ ತಂದ ಮರುದಿನ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿತ್ತು. ಒರೆಸಿ ಮತ್ತೆ ನೋಡಿದೆ, ಅಷ್ಟೇ ಇತ್ತು. ಫೋಟೋ ತೆಗೆದು, ಓಡಿಸದೆ, ಫೋನ್ ಮಾಡಿದೆ. ಹುಡುಗನೊಬ್ಬ ಡಬ್ಬ ಹಿಡಿದು ಮನೆಗೇ ಬಂದು ಜಾಸ್ತಿ ಇದ್ದದ್ದನ್ನು ಇಳಿಸಿದ. ಮುಕ್ಕಾಲು ಲೀಟರ್ ಹತ್ತಿರ ಇತ್ತು.